ಚಾಕುವಿನ ಮುಂದೆ ಮೆತ್ತಗೆ ಮಾತಾಡಿದ ದಿನ

ಚಾಕುವಿನ ಫೋಟೋ ತೆಗೆಯುವುದು ಕನ್ನಡಿಯ ಫೋಟೋ ತೆಗೆಯುವುದಕ್ಕಿಂತ ಕಷ್ಟ. ಕನ್ನಡಿಯನ್ನು ಸ್ವಲ್ಪ ಓರೆಯಾಗಿಟ್ಟರೆ ನಾವು ಅದರೊಳಗಿಂದ ತಪ್ಪಿಸಿಕೊಳ್ಳಬಹುದು. ಚಾಕುವಿನ ಅಲಗು ಹಾಗಲ್ಲ. ಬೆನ್ನಿನಿಂದ ಬಾಯಿಯ ತನಕ ಕಣ್ಣಿಗೆ ಕಾಣದಷ್ಟು ಬಾಗಿರುತ್ತದೆ, ಬಾಗಿದಲ್ಲೆಲ್ಲ ಕೋಣೆಯ ಒಂದೊಂದು ಮೂಲೆ ಬಂದು ಕೂತಿರುತ್ತದೆ. ನನ್ನ ಅಂಗಿಯ ಬಣ್ಣ, ಕ್ಯಾಮೆರಾದ ಮೂತಿ, ಕಿಟಕಿ, ಬಾಗಿಲಲ್ಲಿ ನಿಂತು ‘ಕಾಫಿ ತರ್ಲಾ?’ ಅನ್ನುವ ಅಮ್ಮ, ಎಲ್ಲರೂ ಅಲ್ಲಿ ಹಾಜರು. ಅಳುವ ಮಗುವಿನ ಮುಂದೆ ಗಿಲಕಿ ಆಡಿಸಿ ಫೋಟೋ ತೆಗೆದಿದ್ದೇನೆ, ಪಾಸ್‌ಪೋರ್ಟ್ ಫೋಟೋಗೆ ಬಂದು ಕಣ್ಣು ಮುಚ್ಚುವವರಿಗೆ ಗದರಿಸಿ ಕಣ್ಣು ಬಿಡಿಸಿದ್ದೇನೆ. ಚಾಕುವಿಗೆ ಏನು ಹೇಳುವುದು? ಅದಕ್ಕೇ ಚಾಕುವಿಗೆ ಹೇಳಬೇಕಾದ್ದನ್ನೆಲ್ಲ ನಾನು ಅದನ್ನು ಮಾಡಿದವರಿಗೆ ಹೇಳುತ್ತಿದ್ದೆ.

ಮಾಡಿದವರು ಚಾಕಪ್ಪ. ನಿಜವಾದ ಹೆಸರು ಬೇರೆ ಇದೆ. ಅಮ್ಮ ಮೊದಲ ದಿನವೇ ಈ ಹೆಸರಿಟ್ಟಳು, ಅವರು ಕೇಳಿಸಿಕೊಂಡು ನಕ್ಕರು, ಅಲ್ಲಿಗೆ ಅದೇ ಗಟ್ಟಿಯಾಯಿತು. ರೈಲು ಹಳಿಯ ಆಚೆ ಒಂದು ತಗಡಿನ ಶೆಡ್ಡಿನಲ್ಲಿ ಅವರ ಕುಲುಮೆ. ಅಡುಗೆಯವರು, ಬಡಗಿಗಳು, ಚರ್ಮದ ಕೆಲಸದವರು ತಮ್ಮ ಕೈಯ ಅಳತೆ ಕೊಟ್ಟು ಹೋಗುತ್ತಾರೆ. ಇವರು ವಾರಗಟ್ಟಲೆ ಉಕ್ಕು ಕಾಯಿಸುತ್ತಾರೆ, ಬಡಿಯುತ್ತಾರೆ, ಉಜ್ಜುತ್ತಾರೆ, ಮಸೆಯುತ್ತಾರೆ. ಒಂದರಂತೆ ಇನ್ನೊಂದು ಇರುವುದಿಲ್ಲ. ಮುಗಿದ ಮೇಲೆ ಅದು ಹೋಯಿತೆಂದರೆ ಹೋಯಿತು, ಮತ್ತೆ ಅವರ ಕಣ್ಣಿಗೆ ಬೀಳುವುದಿಲ್ಲ. ಅವರ ಪಾಲಿಗೆ ಉಳಿಯುವುದು ನಾನು ತೆಗೆದ ಫೋಟೋ ಮಾತ್ರ. ಶೆಡ್ಡಿನ ಒಂದು ಗೋಡೆಗೆ ಅವನ್ನೆಲ್ಲ ಸಾಲಾಗಿ ಅಂಟಿಸಿದ್ದಾರಂತೆ. ನಾನು ನೋಡಿರಲಿಲ್ಲ, ಹೋಗಲು ಒಂದು ನೆಪ ಸಿಕ್ಕಿರಲಿಲ್ಲ.

ನೆಪ ಅಂದೆನಲ್ಲ, ಹೌದು, ಹೇಳಿಯೇಬಿಡುತ್ತೇನೆ. ನನಗೆ ಅವರೆಂದರೆ ಇಷ್ಟ. ಏನೋ ಸ್ವಲ್ಪ ಇಷ್ಟವಲ್ಲ. ಅವರ ಸೈಕಲ್ಲಿನ ಬ್ರೇಕು ರಸ್ತೆಯ ತಿರುವಿನಲ್ಲಿ ಕಿರ್ರೆಂದರೆ ಸಾಕು, ನನ್ನ ಎದೆ ಢವಢವ ಅನ್ನುವಷ್ಟು ಇಷ್ಟ. ನಲವತ್ತು ದಾಟಿದ ಹೆಂಗಸು ನಾನು, ಎದೆ ಢವಢವ ಅಂದರೆ ಡಾಕ್ಟರ ಹತ್ತಿರ ಹೋಗಬೇಕಾದ ವಯಸ್ಸು. ಅವರು ನನಗಿಂತ ನಾಲ್ಕಾರು ವರ್ಷ ದೊಡ್ಡವರು. ಮಾತು ಕಡಿಮೆ, ಕಿವಿಯ ಮೇಲೆ ಯಾವಾಗಲೂ ಒಂದು ಮೊಂಡು ಪೆನ್ಸಿಲ್, ಬಲಗೈಯ ಮೇಲೆ ಕಿಡಿ ಹಾರಿ ಸುಟ್ಟ ಚುಕ್ಕೆಗಳು. ಇಬ್ಬರಿಗೂ ಮದುವೆಯಾಗಿಲ್ಲ. ಅವರು ಕುಲುಮೆಯ ಮುಂದೆ ಕೂತು ವಯಸ್ಸು ಹೋದದ್ದನ್ನೇ ಗಮನಿಸಲಿಲ್ಲ. ನನ್ನದು ನನ್ನ ಬಾಯಿಯ ಪ್ರತಾಪ.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇದೆ. ಇಷ್ಟವಾದವರ ಮೇಲಂತೂ ಎರಡು ಪಟ್ಟು. ಚಾಕಪ್ಪ ಬಂದು, ಚಾಕುವಿಗೆ ಸುತ್ತಿದ ಫ್ಲಾನೆಲ್ ಬಿಡಿಸಿ ಮೇಜಿನ ಮೇಲಿಟ್ಟ ಕೂಡಲೇ ನನ್ನ ಸಹಸ್ರನಾಮ ಶುರು. ‘ಯಾಕ್ರೀ ಇಷ್ಟೊಂದು ಹೊಳಪು ಮಾಡ್ತೀರಿ? ಈರುಳ್ಳಿ ಹೆಚ್ಚೋಕೆ ತಾನೆ? ಈರುಳ್ಳಿ ಏನು ಮುಖ ನೋಡ್ಕೊಳುತ್ತಾ?’ ಅವರು ಮೂಲೆಯ ಸ್ಟೂಲಿನ ಮೇಲೆ ಕೂತು ನನ್ನ ಬೈಗುಳವನ್ನು ರೇಡಿಯೋ ಕೇಳುವ ಹಾಗೆ ಕೇಳುತ್ತಿದ್ದರು. ಹೋದ ತಿಂಗಳು ನನ್ನ ನಾಲಿಗೆ ಲಂಗುಲಗಾಮಿಲ್ಲದೆ ಓಡಿತು. ‘ನಿಮ್ಮ ಚಾಕು ನೋಡಿ ನೋಡಿ ನನ್ನ ಕಣ್ಣು ಹೋಯ್ತು! ಒಂದು ಕ್ಯಾಮೆರಾ ತಗೊಂಡು ನೀವೇ ತೆಕ್ಕೊಳ್ಳಿ, ನನಗೊಂದು ಪೀಡೆ ಕಳೆಯುತ್ತೆ!’ ಅಂದುಬಿಟ್ಟೆ. ಅವರು ತಲೆಯಾಡಿಸಿ, ಚಾಕು ಸುತ್ತಿಕೊಂಡು ಹೋದರು.

ಈ ಸೋಮವಾರ ಅವರ ಫೋನ್ ಬಂತು.

‘ಮೇಡಂ, ಒಂದು ಚಾಕು ಮುಗೀತು. ನಾಡಿದ್ದು ತರ್ಲಾ? ಇದೇ ಕೊನೇದು.’

‘ಕೊನೇದು ಅಂದ್ರೆ?’

‘ಕ್ಯಾಮೆರಾ ತಗೊಂಡೆ. ಇನ್ಮೇಲೆ ನಿಮಗೆ ತೊಂದ್ರೆ ಕೊಡಲ್ಲ.’

ಫೋನ್ ಕೆಳಗಿಟ್ಟು ಹಾಗೇ ಕೂತೆ. ಇನ್ನು ಮೇಲೆ ಆ ಸೈಕಲ್ಲಿನ ಬ್ರೇಕು ನಮ್ಮ ತಿರುವಿನಲ್ಲಿ ಕೇಳುವುದಿಲ್ಲ. ನಾನಾಗಿ ಅಟ್ಟಿದ್ದು, ಅವರಾಗಿ ಹೋಗುತ್ತಿರುವುದಲ್ಲ. ಬೇರೆ ಯಾರನ್ನಾದರೂ ಬೈಯೋಣವೆಂದರೆ ಯಾರೂ ಸಿಗಲಿಲ್ಲ.

ಅಮ್ಮನಿಗೆ ಹೇಳಿದೆ. ಅವಳು ಬಟಾಣಿ ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ. ‘ಹೇಳಿದ ಮಾತು ಕೇಳೋ ಗಂಡಸು, ಅಪರೂಪ. ನೀನು ಬಾವಿಗೆ ಬೀಳಿ ಅಂದಿದ್ರೆ ಬಿದ್ದಿರೋನು. ಕ್ಯಾಮೆರಾ ಅಂದೆ, ಸದ್ಯ ಬದುಕಿದ.’

‘ಅಮ್ಮಾ, ತಮಾಷೆ ಬೇಡ. ನಾಡಿದ್ದು ನಾನು ಒಂದೇ ಒಂದು ಸಲಾನೂ ಬೈಯಲ್ಲ. ಮೆತ್ತಗೆ ಮಾತಾಡ್ತೀನಿ. ಎಂಥ ಫೋಟೋ ತೆಗೀತೀನಿ ಅಂದ್ರೆ, ಅದನ್ನು ನೋಡಿ ಅವರು ಆ ಹೊಸ ಕ್ಯಾಮೆರಾನ ಹೋಗಿ ವಾಪಸ್ ಕೊಟ್ಟು ಬರಬೇಕು.’

ಅಮ್ಮ ಈಗ ತಲೆ ಎತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ‘ಫೋಟೋ ನಿನ್ನ ಕೈಲಾಗುತ್ತೆ. ಇನ್ನೊಂದು ಆಗಲ್ಲ,’ ಎಂದು ಬಟಾಣಿಗೆ ಮರಳಿದಳು.

ಅವರು ಬರುವ ದಿನ ನಾನು ಬೆಳಿಗ್ಗೆಯಿಂದಲೇ ಅಭ್ಯಾಸ ಶುರುಮಾಡಿದೆ. ಹಾಲು ಉಕ್ಕಿತು, ‘ಪರವಾಗಿಲ್ಲ’ ಅಂದೆ. ಪಕ್ಕದ ಮನೆಯವರು ತಮ್ಮ ಸ್ಕೂಟರನ್ನು ನಮ್ಮ ಗೇಟಿಗೆ ಅಡ್ಡ ನಿಲ್ಲಿಸಿದರು, ನಕ್ಕೆ. ಅವರು ಗಾಬರಿಯಾಗಿ ಓಡಿಬಂದು ಸ್ಕೂಟರ್ ತೆಗೆದರು. ಇದೇನು, ಬೈದರೂ ಇಷ್ಟು ಬೇಗ ತೆಗೆದವರಲ್ಲ ಎಂದು ನನಗೇ ಆಶ್ಚರ್ಯವಾಯಿತು.

ಕಿರ್ರ್ ಎಂದು ಬ್ರೇಕು ಕೂಗಿತು. ಮೆಟ್ಟಿಲು ಹತ್ತುವ ಸದ್ದು. ನಾನು ತಲೆಗೂದಲು ಸರಿಮಾಡಿಕೊಂಡು ಬಾಗಿಲು ತೆಗೆದೆ.

‘ಬನ್ನಿ ಬನ್ನಿ! ಬಿಸಿಲಲ್ಲಿ ಪಾಪ, ಸುಸ್ತಾಗಿರಬೇಕು. ಕೂತ್ಕೊಳ್ಳಿ.’

ಚಾಕಪ್ಪ ತಿರುಗಿ ಹಿಂದೆ ನೋಡಿದರು. ಮೆಟ್ಟಿಲಲ್ಲಿ ಬೇರೆ ಯಾರೂ ಇರಲಿಲ್ಲ. ಮತ್ತೆ ನನ್ನನ್ನು ನೋಡಿದರು. ಕಾಲೊರೆಸಿನ ಮೇಲೆ ಕಾಲು ಒರೆಸಿದರು, ಯೋಚನೆ ಮಾಡಿ ಇನ್ನೊಂದು ಸಲ ಒರೆಸಿದರು. ಒಳಗೆ ಬಂದು ಮೇಜಿನ ಮೇಲೆ ಫ್ಲಾನೆಲ್ ಬಿಡಿಸಿದರು.

ನಾನು ಮೆತ್ತಗೆ ಮಾತಾಡಬೇಕೆಂಬುದನ್ನು ಮರೆತೆ, ಮಾತನ್ನೇ ಮರೆತೆ. ಅಂಥ ಚಾಕು ಅದು. ಅಡುಗೆಯ ಚಾಕು, ಉದ್ದ ಅಲಗು, ಮೊನೆಯ ಹತ್ತಿರ ತೆಳ್ಳಗೆ ಬಳುಕಿತ್ತು. ಎರಡು ಬಗೆಯ ಉಕ್ಕನ್ನು ಒಂದರ ಮೇಲೊಂದಿಟ್ಟು ಬಡಿದು, ಮಡಿಸಿ, ಮತ್ತೆ ಬಡಿದು ಮಾಡಿದ್ದು. ಹಿಡಿಯ ಮರ ಹಳೆಯ ಬಾಗಿಲೊಂದರದ್ದು. ಆರ್ಡರ್ ಕೊಟ್ಟ ಅಡುಗೆಯಾಕೆ ಕೆಲಸ ಕಲಿತ ಅಡುಗೆಮನೆಯನ್ನು ಒಡೆಯುವಾಗ ಆ ಬಾಗಿಲಿನ ತುಂಡನ್ನು ಎತ್ತಿಟ್ಟುಕೊಂಡಿದ್ದಳಂತೆ. ಈಗ ಆಕೆ ತನ್ನದೇ ಹೋಟೆಲ್ ತೆರೆಯುತ್ತಾಳೆ. ಚಾಕು ಇವತ್ತು ಸಂಜೆಯೇ ಹೊರಡಬೇಕು. ಕೊರಿಯರ್‌ನವರು ನಮ್ಮ ಮನೆಗೇ ಬರುವುದೆಂದು ಮಾತಾಗಿತ್ತು.

‘ಎಷ್ಟು ಚೆನ್ನಾಗಿ ಹೊಳೀತಿದೆ!’ ಅಂದೆ. ‘ಇನ್ನೂ ಸ್ವಲ್ಪ ಹೊಳಪು ಕೊಟ್ಟಿದ್ರೂ ಚೆನ್ನಾಗಿರ್ತಿತ್ತು.’

ಚಾಕಪ್ಪನ ಮುಖ ಬಿಳಿಚಿಕೊಂಡಿತು. ‘ನೀರು ಕುಡಿದು ಬರ್ತೀನಿ’ ಎಂದು ಅಡುಗೆಮನೆಗೆ ನಡೆದರು. ನಮ್ಮ ಅಡುಗೆಮನೆಗೂ ಸ್ಟುಡಿಯೋಗೂ ನಡುವೆ ಇರುವುದು ಒಂದು ಪ್ಲೈವುಡ್ ಗೋಡೆ. ಪಿಸುಮಾತೆಲ್ಲ ಸ್ಪಷ್ಟವಾಗಿ ಕೇಳಿತು.

‘ಅಮ್ಮಾವ್ರೇ, ಮೇಡಂಗೆ ಮೈ ಹುಷಾರಿಲ್ವಾ?’

‘ಬೆಳಿಗ್ಗೆಯಿಂದ ಹೀಗೇ ಇದ್ದಾಳಪ್ಪ. ನನಗೂ ಭಯ ಆಗ್ತಿದೆ.’

ಹಲ್ಲು ಕಚ್ಚಿ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದೆ. ಕಪ್ಪು ಕಲ್ಲಿನ ಹಲಗೆಯ ಮೇಲೆ ಚಾಕುವನ್ನು ಮಲಗಿಸಿ, ಅಡಿಯಲ್ಲಿ ಚಿಟಿಕೆ ಮೇಣ ಇಟ್ಟು, ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ಸರಿಸಿ ಕೂರಿಸಿದೆ. ಬೆಳಕನ್ನು ಅಲಗಿನತ್ತ ತಿರುಗಿಸುವ ಬಿಳಿ ಥರ್ಮೋಕೋಲ್ ಹಲಗೆ ಹಿಡಿಯುವುದು ಅಮ್ಮನ ಕೆಲಸ, ಮೊದಲಿನಿಂದಲೂ. ಅವಳು ಬಂದು ನಿಂತಳು, ಅಲಗಿನ ಉದ್ದಕ್ಕೂ ಪಾಚಿ ಕಟ್ಟಿದ ಹಾಗೆ ಒಂದು ಹಸಿರು ಪಟ್ಟೆ ಮೂಡಿತು. ಅಮ್ಮನ ಸ್ವೆಟರು.

ಬೇರೆ ದಿನವಾಗಿದ್ದರೆ ಸೂರು ಹಾರಿಹೋಗುತ್ತಿತ್ತು. ‘ಅಮ್ಮಾ,’ ಅಂದೆ ಜೇನು ಸುರಿಸುತ್ತ, ‘ಆ ಸ್ವೆಟರ್ ತೆಗೀತೀಯಾ?’

‘ಚಳಿ.’

‘ಸರಿ ಅಮ್ಮ. ನಿನ್ನಿಷ್ಟ.’

ಒಳಗಿನಿಂದ ಬಿಳಿ ಹಾಸಿಗೆ ಹೊದಿಕೆ ತಂದು ಅವಳಿಗೆ ತಲೆಯಿಂದ ಪಾದದವರೆಗೆ ಸುತ್ತಿದೆ. ಮೂಗು ಮತ್ತು ಎರಡು ಕೈ ಮಾತ್ರ ಹೊರಗೆ. ಚಾಕಪ್ಪನ ಅಂಗಿ ನೀಲಿಯದು, ಆದ್ದರಿಂದ ಅವರನ್ನು ಕಪ್ಪು ಪರದೆಯ ಹಿಂದೆ ನಿಲ್ಲಿಸಿ ಮುಖವೊಂದನ್ನು ಹೊರಗೆ ಬಿಟ್ಟೆ. ಯಾರಾದರೂ ಆಗ ಬಾಗಿಲು ತೆಗೆದಿದ್ದರೆ ಒಂದು ಬಿಳಿ ದೆವ್ವ, ಗಾಳಿಯಲ್ಲಿ ತೇಲುವ ಒಂದು ತಲೆ ಮತ್ತು ಕಾರಣವಿಲ್ಲದೆ ನಗುವ ಒಬ್ಬ ಹೆಂಗಸು ಕಾಣುತ್ತಿದ್ದರು.

ಒಂದಾದ ಮೇಲೊಂದು ಫೋಟೋ ತೆಗೆದೆ. ಯಾವುದೂ ಸರಿಬರಲಿಲ್ಲ. ಆ ಪದರಗಳ ನವುರು ಚಿತ್ತಾರವೇ ಆ ಚಾಕುವಿನ ಜೀವ, ದೀಪ ನೇರವಾಗಿ ಬಿದ್ದರೆ ಅದು ಮಾಯವಾಗಿ ಬರೀ ಬಿಳಿ ತಗಡು ಉಳಿಯುತ್ತಿತ್ತು. ದೀಪ ಆಚೆ ಸರಿಸಿದರೆ ಅರ್ಧ ಅಲಗು ಕಾಣಿಸಿ ಅರ್ಧ ಕತ್ತಲೆಗೆ ಹೋಗುತ್ತಿತ್ತು. ಪ್ರತಿ ಸಲವೂ ನಾನು ‘ಪರವಾಗಿಲ್ಲ, ನಿಧಾನವಾಗಿ ಮಾಡೋಣ’ ಅನ್ನುತ್ತಿದ್ದೆ. ಪ್ರತಿ ಸಲವೂ ಪರದೆಯ ಮೇಲಿನ ತಲೆ ಇನ್ನಷ್ಟು ಬಾಡುತ್ತಿತ್ತು. ‘ಮೇಡಂ, ಬೇಡ ಅಂದ್ರೆ ಬಿಟ್ಬಿಡಿ,’ ಅಂತು ಆ ತಲೆ ಕೊನೆಗೆ. ‘ಅಯ್ಯೋ, ಎಂಥ ಮಾತು! ನಿಮ್ಮ ಕೆಲಸ ಮಾಡೋದು ನನಗೆ ಖುಷಿ,’ ಅಂದೆ. ಹಾಗೆ ಹೇಳುವಾಗ ನನ್ನ ದವಡೆ ನೋಯುತ್ತಿತ್ತು.

ಅಷ್ಟರಲ್ಲಿ ಎಲ್ಲಿಂದಲೋ ಒಂದು ಧೂಳಿನ ಎಳೆ ತೇಲಿಬಂದು ಅಲಗಿನ ಮೇಲೆ ಕೂತಿತು. ನಾನು ಗಾಳಿ ಊದುವ ರಬ್ಬರ್ ಪಂಪಿಗೆ ಕೈ ಚಾಚಿದೆ. ಚಾಕಪ್ಪ ಪರದೆಯ ಹಿಂದಿನಿಂದ ಬಗ್ಗಿ, ಗಮನ ಎಲ್ಲೋ ಇಟ್ಟುಕೊಂಡು, ಬರಿಗೈಯ ಹೆಬ್ಬೆರಳಿನಿಂದ ಅದನ್ನು ಒರೆಸಿಬಿಟ್ಟರು.

ಒರೆಸಿದವರು ಬೇರೆ ಯಾರೋ ಆಗಿದ್ದರೆ ಮಾತು ಬೇರೆ. ಕೈಗವಸು ಹಾಕದೆ ಅಲಗು ಮುಟ್ಟಬಾರದು, ಬೆವರಿನ ಗುರುತು ಇಂಥ ಉಕ್ಕನ್ನು ಸಂಜೆಯೊಳಗೆ ತಿಂದುಬಿಡುತ್ತದೆ ಎಂದು ನನಗೆ ಕಲಿಸಿದ್ದೇ ಅವರು. ಅಲಗಿನ ನಟ್ಟನಡುವೆ ಪೂರ್ತಿ ಒಂದು ಹೆಬ್ಬೆಟ್ಟು, ಗೆರೆಗೆರೆಯೂ ಎಣಿಸುವ ಹಾಗೆ. ಚಾಕು ಮೇಣದಿಂದ ಕಿತ್ತುಬಂದು ಪಕ್ಕಕ್ಕೆ ಹೊರಳಿತ್ತು. ಇಷ್ಟು ಹೊತ್ತು ಕೂದಲೆಳೆ ಕೂದಲೆಳೆಯಾಗಿ ಕೂರಿಸಿದ್ದೆಲ್ಲ ನೀರಿನಲ್ಲಿ ಹೋಮ.

‘ಪರ...’ ಅಂದೆ. ‘ಪರವಾ...’

ಅಮ್ಮ ಹೊದಿಕೆಯೊಳಗಿನಿಂದ ಕಣ್ಣು ಹೊರಗೆ ಹಾಕಿದಳು.

‘ಪರವಾಗಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ!’ ಎಂದು ಕಿರುಚಿದೆ. ‘ಏನ್ರೀ, ಬುದ್ಧಿ ಇದೆಯೇನ್ರೀ ನಿಮಗೆ? ಉಕ್ಕು ಬಡಿದು ಬಡಿದು ತಲೆಯೊಳಗೂ ಉಕ್ಕೇ ತುಂಬ್ಕೊಂಡಿದೆಯಾ? ಮನೆ ಕಟ್ಟಿದ ಹಾಗೆ ಒಂದೊಂದೇ ಇಟ್ಟು ಕೂರಿಸಿದ್ದೀನಿ, ಇವರು ಬಂದು ಹೆಬ್ಬೆಟ್ಟು ಒತ್ತುತ್ತಾರೆ! ಇದೇನು ಆಸ್ತಿಪತ್ರವಾ? ಅಮ್ಮಾ, ನೀನು ಯಾಕೆ ನಗ್ತಿದ್ದೀಯಾ? ಆ ಹಾಳು ಸ್ವೆಟರ್‌ನ ಕಿತ್ತು ಬಿಸಾಕು ಮೊದಲು! ಇಂಥ ಚಾಕುವನ್ನು ಮಾಡೋ ಕೈ ಇದು, ಇದನ್ನ ಹೀಗಾ ಮುಟ್ಟೋದು? ನಿಮ್ಮ ಕೈ ಕಟ್ಟಿಹಾಕಬೇಕು!’

ಇನ್ನೂ ಬಹಳ ಹೇಳಿದೆ. ಎರಡು ದಿನದಿಂದ ಕೂಡಿಟ್ಟದ್ದು, ಕಟ್ಟೆ ಒಡೆದ ಮೇಲೆ ನಿಲ್ಲಿಸುವುದು ನನ್ನ ಕೈಯಲ್ಲಿರಲಿಲ್ಲ. ಉಸಿರು ತೆಗೆದುಕೊಳ್ಳಲು ನಿಂತಾಗ ನೋಡುತ್ತೇನೆ, ಚಾಕಪ್ಪ ಪರದೆಯಿಂದ ಹೊರಗೆ ಬಂದು ತಮ್ಮ ಎಂದಿನ ಸ್ಟೂಲಿನ ಮೇಲೆ ಆರಾಮಾಗಿ ಕೂತಿದ್ದಾರೆ. ಮುಖದ ತುಂಬ ನಗು.

‘ಅಬ್ಬಾ,’ ಅಂದರು. ‘ಹೆದರಿಬಿಟ್ಟಿದ್ದೆ.’

‘ಯಾಕೆ?’

‘ಬೈಯೋದು ನಿಲ್ಲಿಸಿಬಿಟ್ರಲ್ಲ. ಬೇರೆ ಗಿರಾಕಿಗಳ ಹತ್ತಿರ ಮಾತಾಡೋ ಹಾಗೆ ಮಾತಾಡ್ತಿದ್ರಿ. ಇನ್ನು ನಾನೂ ಬೇರೆಯವನೇ ಆಗಿಹೋದೆ ಅಂದ್ಕೊಂಡೆ.’

‘ಬೇರೆಯವರಾಗಿದ್ದು ನೀವು! ಕ್ಯಾಮೆರಾ ತಗೊಂಡಿದ್ದು ಯಾರು? ಕೊನೇದು ಅಂದಿದ್ದು ಯಾರು?’

ಅವರು ಏನೋ ಹೇಳಲು ಬಾಯಿ ತೆರೆದರು. ಅಮ್ಮನ ಕಡೆ ನೋಡಿದರು. ನನ್ನ ಕಡೆ ನೋಡಿದರು. ಬಾಯಿ ಮುಚ್ಚಿಕೊಂಡು, ಕೈಗವಸು ಹಾಕಿ, ಸ್ಪಿರಿಟ್ ಅದ್ದಿದ ಹತ್ತಿಯಿಂದ ಅಲಗಿನ ಮೇಲಿನ ಹೆಬ್ಬೆಟ್ಟನ್ನು ಒರೆಸತೊಡಗಿದರು.

ಬೈದ ಮೇಲೆ ನನ್ನ ತಲೆ ಚುರುಕಾಯಿತು. ದೀಪ ಒಂದೇ ಕಡೆ ನಿಂತರೆ ತಾನೇ ಅರ್ಧ ಅಲಗು ಕತ್ತಲಾಗುವುದು? ದೀಪವೇ ನಡೆಯಲಿ. ಕಿಟಕಿಗೆ ದಪ್ಪ ಕಂಬಳಿ ಹಾಕಿ ಕೋಣೆಯನ್ನು ಕತ್ತಲು ಮಾಡಬೇಕು. ಕ್ಯಾಮೆರಾದ ಶಟರ್ ತೆರೆದೇ ಇರಬೇಕು. ನಾನು ಒಂದು ಸಣ್ಣ ದೀಪ ಹಿಡಿದು ಅಲಗಿನ ಬೆನ್ನಿನ ಗುಂಟ, ಹಿಡಿಯಿಂದ ಮೊನೆಯವರೆಗೆ, ಒಂದೇ ವೇಗದಲ್ಲಿ ಸಾಗಬೇಕು. ಕೈ ನಡುಗಬಾರದು. ಉಸಿರು ಬಿಡಬಾರದು, ಬಿಟ್ಟರೆ ಉಕ್ಕಿನ ಮೇಲೆ ಮಂಜು ಕೂರುತ್ತದೆ.

‘ಯಾರೂ ಅಲ್ಲಾಡಬೇಡಿ. ಯಾರೂ ಮಾತಾಡಬೇಡಿ,’ ಎಂದು ಆಜ್ಞೆ ಹೊರಡಿಸಿದೆ. ಅಮ್ಮ ಹೊದಿಕೆಯಲ್ಲಿ, ಚಾಕಪ್ಪ ಪರದೆಯ ಹಿಂದೆ. ದೀಪಗಳನ್ನೆಲ್ಲ ಆರಿಸಿದೆ. ಶಟರ್ ಒತ್ತಿ, ಉಸಿರು ಕಟ್ಟಿ, ಹಿಡಿಯ ಹತ್ತಿರ ದೀಪ ಹಚ್ಚಿದೆ. ಪದರಗಳ ಚಿತ್ತಾರ ಬೆಳಕಿನ ಕೆಳಗೆ ಎದ್ದು ಬಂತು. ಮರದ ಒಳಗಿನ ಗೆರೆಗಳ ಹಾಗೆ, ಸುತ್ತಿ, ಬಳಸಿ, ಮೊನೆಯ ಕಡೆ ಓಡುತ್ತಿದ್ದವು. ಇಷ್ಟನ್ನು ಇವರು ಸುತ್ತಿಗೆಯಿಂದ ಬಡಿದೇ ಮಾಡಿದರೆಂದು ನೆನೆದು ನನಗೆ ಕಣ್ಣು ತುಂಬಿತು. ದೀಪ ಅಲಗಿನ ಕಾಲು ಭಾಗ ದಾಟಿರಬೇಕು.

‘ಮೇಡಂ,’ ಅಂತು ಕತ್ತಲೆ.

ನಾನು ಮಾತಾಡುವ ಹಾಗಿರಲಿಲ್ಲ. ಕೈ ನಿಲ್ಲಿಸುವ ಹಾಗೂ ಇರಲಿಲ್ಲ.

‘ಈಗ ನೀವು ಬೈಯೋ ಹಾಗಿಲ್ಲ. ಅದಕ್ಕೇ ಈಗ ಹೇಳ್ತಿದ್ದೀನಿ,’ ಎಂದರು ಚಾಕಪ್ಪ. ‘ಕ್ಯಾಮೆರಾ ತಗೊಂಡಿದ್ದು ನೀವು ಬೈದಿದ್ದಕ್ಕಲ್ಲ. ಅದು ನನಗೆ ಸರಿಯಾಗಿ ಬರೋದೂ ಇಲ್ಲ, ನಿನ್ನೆ ತೆಗೆದಿದ್ರಲ್ಲಿ ಬರೀ ನನ್ನ ಮೂಗು ಬಂತು. ನಾನು ಇಲ್ಲಿಗೆ ಗಿರಾಕಿಯಾಗಿ ಬರ್ತೀನಿ. ಗಿರಾಕಿಯಾಗಿ ಬಂದವನು ಇಂಥ ಮಾತು ಕೇಳಿದ್ರೆ, ನಿಮಗೆ ಇಷ್ಟ ಇಲ್ದಿದ್ರೂ, ಕೆಲಸಕ್ಕೋಸ್ಕರ ತಿಂಗಳು ತಿಂಗಳು ನನ್ನ ಮುಖ ನೋಡ್ಬೇಕಾಗುತ್ತೆ. ಅದು ತಪ್ಪು. ಅದಕ್ಕೇ ಮೊದಲು ಗಿರಾಕಿಯಾಗಿರೋದನ್ನ ಬಿಡೋಣ, ಆಮೇಲೆ ಕೇಳೋಣ ಅಂತ.’

ದೀಪ ಅಲಗಿನ ಅರ್ಧಕ್ಕೆ ಬಂದಿತ್ತು. ನನ್ನ ಎದೆಯ ಸದ್ದು ಕ್ಯಾಮೆರಾಕ್ಕೂ ಕೇಳುತ್ತಿದೆಯೇನೋ ಅನ್ನಿಸಿತು.

‘ನಾಳೆಯಿಂದ ನಾನು ಚಾಕು ಇಲ್ದೆ ಬರಬಹುದಾ?’

ನಾನು ಸುಖದಿಂದ ಸತ್ತೇಹೋಗುತ್ತೇನೆ ಅಂದುಕೊಂಡೆ. ಮೈಯಲ್ಲಿ ಕಾಲಿನಿಂದ ನೆತ್ತಿಯವರೆಗೆ ನಗು ಹತ್ತಿ ಬರುತ್ತಿತ್ತು, ಬಾಯಿ ತೆರೆದರೆ ಚಾಕುವಿನ ಮೇಲೆ ಮಂಜು, ತೆರೆಯದಿದ್ದರೆ ನಾನೇ ಒಡೆದುಹೋಗುವ ಹಾಗೆ. ಸ್ವರ್ಗಕ್ಕೆ ಮೂರೇ ಗೇಣು ಉಳಿದಿತ್ತು, ಮೊನೆಗೆ ಅರ್ಧ ಗೇಣು.

‘ಬರಬಹುದಪ್ಪ,’ ಅಂತು ಬಿಳಿ ದೆವ್ವ. ‘ಊಟಕ್ಕೇ ಬಾ.’

‘ಅಮ್ಮಾ!’

ಉಸಿರೆಲ್ಲ ಒಟ್ಟಿಗೇ ಹೊರಗೆ ಬಂತು. ದೀಪ ಕೈಯಲ್ಲಿ ಕುಣಿದುಹೋಯಿತು. ಅಮ್ಮ ‘ನಾನೇನಂದೆ ಈಗ?’ ಎಂದು ಥರ್ಮೋಕೋಲನ್ನು ಕೈಬಿಟ್ಟಳು, ಅದು ಸ್ಟ್ಯಾಂಡಿಗೆ ಬಡಿಯಿತು, ಚಾಕಪ್ಪ ಹಿಡಿಯಲು ಹೋಗಿ ಪರದೆಯ ಸಮೇತ ಮುಗ್ಗರಿಸಿದರು. ಶಟರ್ ಟಕ್ಕೆಂದು ಮುಚ್ಚಿಕೊಂಡಿತು.

‘ದೀಪ ಹಾಕ್ಲಾ?’ ಎಂದಳು ಅಮ್ಮ.

‘ಬೇಡ! ಯಾರೂ ದೀಪ ಹಾಕ್ಬೇಡಿ!’ ಅಂದೆ. ನನ್ನ ಮುಖ ಹೇಗಾಗಿದೆಯೆಂದು ನನಗೆ ಕನ್ನಡಿಯಿಲ್ಲದೆಯೇ ಗೊತ್ತಿತ್ತು. ಅದನ್ನು ಅವರಿಗೆ ತೋರಿಸಲು ನಾಚಿಕೆಯಾಗಿ ಕತ್ತಲಲ್ಲೇ ನಿಂತೆ.

‘ಮೇಡಂ, ನೀವು ಹೇಳ್ಲಿಲ್ಲ,’ ಎಂದಿತು ನೆಲದ ಕಡೆಯಿಂದ ಅವರ ದನಿ.

ಹೇಳಬೇಕೆಂದು ಬಾಯಿ ತೆರೆದೆ. ಊರಿಗೆಲ್ಲ ಬುದ್ಧಿ ಹೇಳುವ ಬಾಯಿ, ಒಂದು ಶಬ್ದವೂ ಬರಲಿಲ್ಲ. ಟ್ರಿಣ್ಣೆಂದು ಬಾಗಿಲ ಗಂಟೆ ಹೊಡೆದುಕೊಂಡಿತು. ಕೊರಿಯರ್!

ಆಮೇಲಿನದು ಗದ್ದಲ. ಕೊರಿಯರ್‌ನವನು ಹೆಲ್ಮೆಟ್ ಹಾಕಿಕೊಂಡೇ ಒಳಗೆ ಬಂದು, ಹೊದಿಕೆ ಹೊದ್ದ ಅಮ್ಮನನ್ನು ನೋಡಿ ಒಂದು ಹೆಜ್ಜೆ ಹಿಂದೆ ಇಟ್ಟ. ‘ಪಾರ್ಸೆಲ್ ರೆಡಿಯಾ?’ ‘ಇಲ್ಲ. ಇದನ್ನು ಹಿಡ್ಕೊಳ್ಳಿ,’ ಎಂದು ಅವನ ಕೈಗೆ ಥರ್ಮೋಕೋಲ್ ಕೊಟ್ಟೆ. ‘ಅಲ್ಲಾಡಬೇಡಿ. ಹೆಲ್ಮೆಟ್ ತೆಗೀರಿ, ಅದು ಚಾಕುವಿನಲ್ಲಿ ಕಾಣುತ್ತೆ.’ ಅವನು ಏನೂ ಅರ್ಥವಾಗದಿದ್ದರೂ ತೆಗೆದ. ಹಿಂದಿನ ಫೋಟೋ ನೋಡಿದೆ: ಅರ್ಧ ಅಲಗು ದೇವಲೋಕದ ಹಾಗೆ ಬಂದಿತ್ತು, ಉಳಿದರ್ಧದ ಮೇಲೆ ಬೆಳಕು ಹಾವಿನಂತೆ ಹೊರಳಾಡಿತ್ತು. ಎಲ್ಲಿ ಆ ಮಾತು ಬಂತೆಂದು ಬೆರಳಿಟ್ಟು ತೋರಿಸಬಹುದಿತ್ತು. ಚಾಕುವನ್ನು ಮತ್ತೆ ಮೇಣದ ಮೇಲೆ ಕೂರಿಸಿದೆ.

‘ಈ ಸಲ ಯಾರಾದ್ರೂ ಬಾಯಿ ಬಿಟ್ರೆ,’ ಅಂದೆ, ‘ಆ ಚಾಕುವಿನಲ್ಲೇ ನಿಮ್ಮ ನಾಲಿಗೆ ಕುಯ್ತೀನಿ.’

ಯಾರೂ ಬಾಯಿ ಬಿಡಲಿಲ್ಲ. ಕತ್ತಲಲ್ಲಿ ನಾನು ದೀಪ ಹಿಡಿದು ಹಿಡಿಯಿಂದ ಮೊನೆಯವರೆಗೆ ಹೋದೆ. ನನ್ನ ಕೈ ಅಷ್ಟು ನೆಟ್ಟಗೆ ಹೋದದ್ದು ಅದಕ್ಕೆ ಮೊದಲು ಎಂದೂ ಇಲ್ಲ. ಫೋಟೋವನ್ನು ಕಂಪ್ಯೂಟರಿನ ದೊಡ್ಡ ಪರದೆಗೆ ಹಾಕಿದಾಗ ಕೊರಿಯರ್‌ನವನು ‘ಇದು ಇದೇ ಚಾಕುವಾ?’ ಎಂದು ಮೇಜಿನ ಕಡೆ ತಿರುಗಿ ನೋಡಿದ. ಚಾಕಪ್ಪ ಪರದೆಯ ಹತ್ತಿರ ಹೋಗಿ ನಿಂತರು. ಒಂದು ಬೆರಳು ಎತ್ತಿ ಆ ಗೆರೆಗಳ ಗುಂಟ ಗಾಳಿಯಲ್ಲೇ ಸವರಿದರು. ಆಮೇಲೆ ಮೇಜಿಗೆ ಬಂದು, ಅಲಗಿಗೆ ಎಣ್ಣೆ ಸವರಿ, ಕಾಗದ ಸುತ್ತಿ, ಪೆಟ್ಟಿಗೆಯಲ್ಲಿ ಮಲಗಿಸಿ, ತಮ್ಮ ಕೈಯಾರೆ ಟೇಪು ಅಂಟಿಸಿದರು. ಪೆಟ್ಟಿಗೆ ಹೊರಟುಹೋಯಿತು.

ಅವರೂ ಫ್ಲಾನೆಲ್ ಮಡಿಸಿ ಜೇಬಿಗಿಟ್ಟುಕೊಂಡರು. ಬಾಗಿಲ ಹತ್ತಿರ ಒಂದು ಕ್ಷಣ ನಿಂತು ನನ್ನನ್ನು ನೋಡಿದರು. ನಾನು ತಂತಿ ಸುತ್ತುತ್ತಿದ್ದೆ, ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದೆ. ಅವರು ‘ಬರ್ತೀನಿ ಅಮ್ಮಾವ್ರೇ’ ಎಂದು ಅಮ್ಮನಿಗೆ ಮಾತ್ರ ಹೇಳಿ ಇಳಿದುಹೋದರು. ಸೈಕಲ್ ಬೀಗ ತೆಗೆದ ಸದ್ದು ಕೇಳಿತು.

ಅಮ್ಮ ಹೊದಿಕೆ ಕಳಚಿ ನನ್ನ ತಲೆಯ ಮೇಲೆ ಎಸೆದಳು. ‘ಬೇಕಾದಾಗ ಬರದೇ ಇರೋ ಬಾಯಿ ಯಾಕೆ ಇಟ್ಕೊಂಡಿದ್ದೀಯಾ? ಹೋಗೇ!’

ಹೊದಿಕೆಯನ್ನು ಎಳೆದೆಸೆದು ಓಡಿದೆ. ಮೆಟ್ಟಿಲ ತುದಿಗೆ ಬಂದಾಗ ಅವರು ಆಗಲೇ ಸೈಕಲ್ ಹತ್ತಿ ಪೆಡಲು ತುಳಿಯುತ್ತಿದ್ದರು.

‘ಏನ್ರೀ!’ ಎಂದು ಕೂಗಿದೆ. ರಸ್ತೆಯಲ್ಲಿದ್ದವರೆಲ್ಲ ತಿರುಗಿದರು, ಸ್ಕೂಟರ್ ನಿಲ್ಲಿಸಿದ್ದ ಪಕ್ಕದ ಮನೆಯವರೂ. ‘ನಾಳೆ ಬರುವಾಗ ಆ ಗಂಟೆ ಒತ್ತಿದ್ರೆ ನೋಡಿ! ಅದು ಗಿರಾಕಿಗಳಿಗೆ! ಮನೆಯವರು ಹಿಂದಿನ ಬಾಗಿಲಲ್ಲಿ ಬರ್ತಾರೆ, ಅಷ್ಟೂ ಗೊತ್ತಾಗಲ್ವಾ ನಿಮಗೆ? ಅಮ್ಮ ಊಟಕ್ಕೆ ಅಂದ್ಲಲ್ಲ, ಊಟಕ್ಕೆ ಅಂದ್ರೆ ಊಟದ ಹೊತ್ತಿಗೆ ಬರಬೇಕು, ಆರಿಹೋದ ಮೇಲೆ ಅಲ್ಲ! ಕೇಳಿಸ್ತಾ?’

ಚಾಕಪ್ಪ ಬ್ರೇಕು ಹಿಡಿದರು. ಅದು ಕೂಗಿದ ರೀತಿಗೆ ಬೀದಿಯ ಕೊನೆಯವರೆಗೂ ಕಿಟಕಿಗಳು ತೆರೆದುಕೊಂಡವು. ಅವರು ಸೈಕಲ್ಲಿನ ಮೇಲೆಯೇ ಕೂತು, ಒಂದು ಕಾಲು ನೆಲಕ್ಕೆ ಊರಿ, ತಲೆಯಾಡಿಸಿದರು, ಮತ್ತೆ ಮತ್ತೆ ಆಡಿಸಿದರು. ಕಿವಿಯ ಮೇಲಿನ ಪೆನ್ಸಿಲ್ ಬಿದ್ದುಹೋದದ್ದು ಅವರಿಗೆ ತಿಳಿಯಲೇ ಇಲ್ಲ.

ಮರುದಿನ ಮಧ್ಯಾಹ್ನ ಹಿಂದಿನ ಬಾಗಿಲಲ್ಲಿ ಸದ್ದಾಯಿತು. ತೆರೆದರೆ ಅವರು. ಇಸ್ತ್ರಿ ಹಾಕಿದ ಅಂಗಿ, ಒದ್ದೆ ತಲೆ. ಇಷ್ಟು ದಿನ ಫ್ಲಾನೆಲ್ ಗಂಟು ಹಿಡಿಯುತ್ತಿದ್ದ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಮುಂದೆ ತಂದರು, ಹಿಂದೆ ಕಟ್ಟಿದರು, ಮತ್ತೆ ಮುಂದೆ ತಂದರು. ಅಭ್ಯಾಸಬಲದಿಂದ ಬಾಯಿಗೆ ಬಂದದ್ದನ್ನೇ ಅಂದೆ.

‘ಏನು ತಂದಿದ್ದೀರಿ?’

‘ಏನೂ ಇಲ್ಲ,’ ಎಂದು ಅವರು ಎರಡೂ ಕೈಗಳನ್ನು ಬಿಡಿಸಿ ತೋರಿಸಿದರು.

ನಾನು ಒಂದು ಕೈಯನ್ನು ಹಿಡಿದು ಒಳಗೆ ಎಳೆದುಕೊಂಡೆ.